ಗದ್ದದ ಮಟ್ಟಕ್ಕೆ ನೀರು

ಹೊಳೆಯ ನೆರೆ ಲೆಕ್ಕ ಹಾಕಲು ನಾವು ಬಳಸುತ್ತಿದ್ದ ಆ ಕಾಗದ ಈಗ ಎಲ್ಲೂ ಸಿಗುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಶಾಲೆ ಮಕ್ಕಳ ಚೌಕುಳಿ ಹಾಳೆ ತೆಗೆದು ತೋರಿಸುತ್ತಾರೆ. ನಾನು ಹೇಳುವುದು ಅದಲ್ಲ. ನಮ್ಮ ಕಾಗದದ ಗೆರೆಗಳು ನಡುವೆ ಒತ್ತೊತ್ತಾಗಿದ್ದು, ಅಂಚಿಗೆ ಹೋದಂತೆ ದೂರದೂರವಾಗುತ್ತಿದ್ದವು. ಬಸ್ಸಿನ ನಡುವೆ ಜನ ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದರೂ ಕೊನೆಯ ಸೀಟಿನಲ್ಲಿ ಒಬ್ಬನೇ ಕಾಲು ಚಾಚಿ ಕೂತಿರುತ್ತಾನಲ್ಲ, ಹಾಗೆ. ಸಾಧಾರಣ ವರ್ಷಗಳ ನೀರೆಲ್ಲ ನಡುವೆ ಗುಂಪುಗೂಡುತ್ತಿತ್ತು. ಅಪರೂಪದ ನೆರೆಗಳಿಗೆಂದು ಬಲಗಡೆ ಅಷ್ಟಗಲ ಬಯಲು ಬಿಟ್ಟಿರುತ್ತಿದ್ದರು. ಈಗ ಅದೆಲ್ಲ ಯಂತ್ರದೊಳಗೇ ಆಗಿಹೋಗುತ್ತದಂತೆ. ಆಗಲಿ. ಆದರೆ ಕೈಯಲ್ಲಿ ಚುಕ್ಕಿ ಇಟ್ಟವರಿಗೆ ಒಂದೊಂದು ವರ್ಷವೂ ಮುಖ ಗುರುತಿರುವ ನೆಂಟನಂತೆ ನೆನಪಿರುತ್ತಿತ್ತು.

ನದಿ ಅಳತೆ ಕಚೇರಿಯ ಮೇಲಂತಸ್ತಿನಲ್ಲಿ ನಮ್ಮ ನಕ್ಷೆ ಕೋಣೆ. ನಿಂತು ಬರೆಯುವಷ್ಟು ಎತ್ತರದ ಮೇಜುಗಳು, ನದಿಯ ಕಡೆಗೆ ಮೂರು ಕಿಟಕಿ. ಒಂದರ ಚಿಲಕ ಕೆಟ್ಟಿದ್ದರಿಂದ ಅದಕ್ಕೆ ಮಡಿಸಿದ ಕಾಗದ ತುರುಕಿತ್ತು. ನೀಲಿ ನಕ್ಷೆ ತೆಗೆಯುವ ದಿನ ಇಡೀ ಮಹಡಿಯಲ್ಲಿ ಮೂಗು ಸುಡುವ ಘಾಟು. ನಾನು ಅಲ್ಲಿಗೆ ಸೇರಿದ್ದು ಒದ್ದೆ ನಕ್ಷೆಗಳನ್ನು ಹಗ್ಗಕ್ಕೆ ಹಾಕಿ ಒಣಗಿಸುವ ಕೆಲಸಕ್ಕೆ. ರಾತ್ರಿ ಶಾಲೆಯಲ್ಲಿ ದಶಾಂಶ ಕಲಿತ ವರ್ಷ ನನ್ನನ್ನು ಮೇಜಿಗೆ ಕರೆದರು. ಕರೆದವರು ನಮ್ಮ ಎಂಜಿನಿಯರು. ಅವರಿಗೆ ನಾವಿಟ್ಟ ಹೆಸರು ‘ಇರಲಿ ಸಾಹೇಬರು’. ಶಾಯಿ ಚೆಲ್ಲಿದರೂ ಇರಲಿ, ಸಂಬಳ ತಡವಾದರೂ ಇರಲಿ, ಟೀಯಲ್ಲಿ ನೊಣ ಬಿದ್ದರೂ ಇರಲಿ. ಲೆಕ್ಕ ತಪ್ಪಿದರೆ ಮಾತ್ರ ಆ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

ಕೆಲಸ ಇಷ್ಟೇ. ಸೇತುವೆಯ ಕೆಳಗೆ ನದಿಯಲ್ಲಿ ಒಂದು ಅಳತೆಗಂಬ. ಅದರ ಮೇಲೆ ನೀರು ಎಷ್ಟೆತ್ತರ ನಿಂತಿದೆಯೆಂದು ದಿನವೂ ಒಬ್ಬ ಓದಿ ಬರೆಯುತ್ತಾನೆ. ಇಷ್ಟು ಎತ್ತರವಿದ್ದರೆ ಇಷ್ಟು ನೀರು ಹರಿಯುತ್ತಿದೆ ಎಂದು ತಿಳಿಯಲು ಒಂದು ಪಟ್ಟಿ ಇರುತ್ತದೆ. ಆಯಾ ವರ್ಷದ ಅತಿ ದೊಡ್ಡ ಹರಿವನ್ನು ಹೆಕ್ಕಿ, ವರ್ಷಕ್ಕೊಂದು ಚುಕ್ಕಿಯಂತೆ ಆ ಕಾಗದದ ಮೇಲೆ ಇಡಬೇಕು. ಚುಕ್ಕಿಗಳ ನಡುವೆ ಹಾದುಹೋಗುವಂತೆ ಗೆರೆ ಎಳೆದು, ಆ ಗೆರೆಯನ್ನು ಬಲಗಡೆಯ ಬಯಲಿಗೆ ಚಾಚಿದರೆ, ಯಾರೂ ನೋಡಿರದ ನೆರೆಯ ಎತ್ತರ ಅಲ್ಲಿ ಸಿಗುತ್ತದೆ. ಅದಕ್ಕೆ ನೂರು ವರ್ಷದ ನೆರೆ ಎನ್ನುತ್ತಿದ್ದರು.

“ಹಾಗಾದ್ರೆ ಇನ್ನೆಷ್ಟು ವರ್ಷ ಬಾಕಿ ಇದೆ ಸಾರ್?” ಎಂದು ಟೀ ತರುವವನು ಒಮ್ಮೆ ಕೇಳಿದ್ದ.

“ಬಾಕಿ ಗೀಕಿ ಇಲ್ಲಪ್ಪ. ಚೀಲದಲ್ಲಿ ನೂರು ಗೋಲಿ, ಒಂದು ಮಾತ್ರ ಕಪ್ಪು. ವರ್ಷಕ್ಕೊಂದು ಸಲ ಕೈ ಹಾಕಿ ಒಂದನ್ನ ತೆಗೀತೀವಿ, ನೋಡ್ತೀವಿ, ಮತ್ತೆ ಚೀಲಕ್ಕೇ ಹಾಕ್ತೀವಿ. ಕಪ್ಪು ಗೋಲಿ ನಾಳೆ ವರ್ಷ ಬರಬಹುದು, ಅದರ ಮುಂದಿನ ವರ್ಷ ಮತ್ತೆ ಬರಬಹುದು. ನಿನ್ನ ಮೊಮ್ಮಗನ ಕಾಲಕ್ಕೂ ಬರದೇ ಇರಬಹುದು.”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ತೀರಲ್ಲ.”

“ನದಿ ದೀಪಾನ ಅಲ್ಲೇ ಇಟ್ಟಿದೆ. ನಾನೇನು ಮಾಡ್ಲಿ? ಇರಲಿ, ಟೀ ಕೊಡು.”

ನಾನು ಹೇಳಹೊರಟ ವರ್ಷ ಊರಿನವರು ಹೊಳೆದಂಡೆಯಲ್ಲಿ ಎಲ್ಲಿವರೆಗೆ ಮನೆ ಇರಬಹುದು, ಎಲ್ಲಿಂದ ಇರಬಾರದು ಎಂದು ತೀರ್ಮಾನಿಸಬೇಕಿತ್ತು. ನಮ್ಮ ಗೆರೆ ಎಲ್ಲಿ ಬಂದು ನಿಂತರೆ ಅವರ ಗೆರೆಯೂ ಅಲ್ಲಿ. ಅದರ ಬಾಯಿಗೆ ಮೊದಲು ಸಿಗುವುದು ಕೆಳಬೀದಿ. ಅಲ್ಲೇ ನನ್ನ ಅಕ್ಕನ ಮನೆ.

ಕೆಳಬೀದಿಯೆಂದರೆ ಒಂದೇ ಸಾಲಿನ ಒಂಟಿ ಅಂತಸ್ತಿನ ಮನೆಗಳು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಅದರ ಹಿಂದೆ ನಾಲ್ಕು ಮೆಟ್ಟಿಲಿಳಿದರೆ ಹೊಳೆ. ಅಕ್ಕ, ಭಾವ ಅಲ್ಲಿ ಲಾಂಡ್ರಿ ಇಟ್ಟಿದ್ದರು. ಆಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ಅವರಲ್ಲಿಗೇ ಬರುತ್ತಿತ್ತು. ಹೊಳೆಯಲ್ಲಿ ಜಾಲಿಸಿ ದಂಡೆಯ ಉದ್ದಕ್ಕೂ ಒಣಹಾಕಿದ ಬಿಳಿ ಬಟ್ಟೆ ನಮ್ಮ ಕಚೇರಿಯ ಕಿಟಕಿಗೇ ಕಾಣುತ್ತಿತ್ತು. ಗಾಳಿಗೆ ಒಂದು ಸಾಲು ಎದ್ದು ಒಂದು ಸಾಲು ಬೀಳುವುದನ್ನು ನೋಡುತ್ತ ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಎಷ್ಟೋ ಕಿಟಕಿಗಳಲ್ಲಿ ನಿಂತಿದ್ದೇನೆ. ಅಂಥ ನೋಟ ಮತ್ತೆ ಕಂಡಿಲ್ಲ.

ಚುಕ್ಕಿ ಇಡುತ್ತ ಹೋದಾಗ ಬಲಗಡೆ ಮೂರು ಚುಕ್ಕಿಗಳು ಒಂದೇ ಎತ್ತರಕ್ಕೆ ಬಂದು ನಿಂತವು. ಮೂರು ಬೇರೆ ಬೇರೆ ವರ್ಷ, ಒಂದೇ ಅಳತೆ. ಹಗ್ಗಕ್ಕೆ ಹಾಕಿದ ಮೂರು ಅಂಗಿಯಂತೆ ಸಮನಾಗಿದ್ದವು. ನನಗೆ ಖುಷಿಯೇ ಆಯಿತು. “ನೋಡಿ ಸಾರ್, ಎಷ್ಟು ಅಚ್ಚುಕಟ್ಟಾಗಿ ಬಂದಿದೆ. ಇದಕ್ಕಿಂತ ಮೇಲೆ ನಮ್ಮ ಹೊಳೆ ಹೋಗೋದೇ ಇಲ್ಲ ಅನ್ಸುತ್ತೆ,” ಎಂದೆ.

ಸಾಹೇಬರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. “ಹಾಸಿಗೆ ಇದ್ದಷ್ಟೇ ಕಾಲು ಚಾಚೋ ನದಿ ನಾನಂತೂ ನೋಡಿಲ್ಲಮ್ಮ. ಕಂಬದಜ್ಜ ಎಲ್ಲಿದ್ದಾನೆ ಈಗ?”

ಕಂಬದಜ್ಜನೆಂದರೆ ಜೀವಮಾನವೆಲ್ಲ ಆ ಅಳತೆಗಂಬ ಓದಿದವನು. ಕೆಲಸ ಬಿಟ್ಟ ಮೇಲೂ ಸೇತುವೆಯ ಕಟ್ಟೆಯ ಮೇಲೇ ಕೂತಿರುತ್ತಿದ್ದ. ಸಾಹೇಬರು ಪಕ್ಕದಲ್ಲಿ ಕೂತು ಆ ಮೂರು ವರ್ಷಗಳನ್ನು ಹೇಳಿ ಕೇಳಿದರು.

“ಅವಾ? ಕಂಬ ಮುಳುಗಿ ಹೋಗಿತ್ತು,” ಎಂದ ಅಜ್ಜ ಏನೂ ಆಗಿಲ್ಲವೆಂಬಂತೆ.

“ಮತ್ತೆ ಅಳತೆ ಬರೆದಿದ್ದೀಯಲ್ಲ?”

“ಕಂಬದ ತುದೀಲಿ ಇರೋ ಅಂಕಿ ಬರ್ದೆ. ಕಂಡಷ್ಟು ಬರಿ, ಊಹೆ ಮಾಡ್ಬೇಡ ಅಂತ ನಿಮ್ಮ ಹಿಂದಿನ ಸಾಹೇಬ್ರು ಹೇಳಿದ್ರು. ಕಂಬ ಮುಗಿದ್ಮೇಲೆ ಕಾಣೋದೇನು? ನೀರು ಬೆಳೀತು, ಕಂಬ ಬೆಳೀಲಿಲ್ಲ. ಅದಕ್ಕೆ ನಾನು ಹೊಣೇನಾ?”

“ಹೊಣೆ ಅಲ್ಲ ಅಜ್ಜ. ಇರಲಿ. ಎಷ್ಟು ಮೇಲೆ ಹೋಯ್ತು ಅಂತ ಅಂದಾಜಾದ್ರೂ?”

“ಎರಡು ಸಲ ಇಷ್ಟೇ ಇಷ್ಟು,” ಎಂದು ಒಂದು ಗೇಣು ತೋರಿಸಿದ. “ಮಧ್ಯದ್ದು ದೊಡ್ಡ ನೀರು. ಅವತ್ತು ನಾನು ಇಲ್ಲಿರ್ಲಿಲ್ಲ, ಮರದ ಮೇಲಿದ್ದೆ. ಅದನ್ನ ಕೆಳಬೀದಿಯವರನ್ನ ಕೇಳಿ. ಅವರ ಮನೆ ಒಳಗೇ ಬಂದಿತ್ತಲ್ಲ ಹೊಳೆ.”

ಅಂದರೆ ನಮ್ಮ ಹಾಳೆಯಲ್ಲಿ ನದಿ ಮುಗಿದದ್ದು ನದಿ ಮುಗಿದಲ್ಲಲ್ಲ, ಕಂಬ ಮುಗಿದಲ್ಲಿ. ದೊಡ್ಡ ನೀರಿನ ಚುಕ್ಕಿಗೆ ಸರಿಯಾದ ಜಾಗ ಸಿಗದೆ ಗೆರೆ ಎಳೆಯುವಂತಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಸಾಹೇಬರೂ ನಾನೂ ಕೆಳಬೀದಿಗೆ ಹೋದೆವು. ಅಕ್ಕನ ಅಂಗಡಿ ಮುಚ್ಚಿತ್ತು. ಅವತ್ತು ಆಸ್ಪತ್ರೆಗೆ ಬಟ್ಟೆ ಒಯ್ಯುವ ದಿನ. ಉಳಿದವರೆಲ್ಲ ಇದ್ದರು. ದೊಡ್ಡ ನೀರು ಎಷ್ಟು ಬಂದಿತ್ತೆಂದು ಕೇಳಿದ್ದೇ ತಡ, ಟೈಲರ್ ಹೊಲಿಗೆ ಬಿಟ್ಟೆದ್ದ. “ನನ್ನ ಮಿಷನ್ನು ಮುಳುಗಿ, ಅದರ ಮೇಲೆ ಆಳೆತ್ತರ ನೀರು ಸಾರ್!”

ಎದುರಿಗಿದ್ದ ಬ್ರೆಡ್ ಅಂಗಡಿಯವನು ಬಿಡುತ್ತಾನೆಯೇ? “ಆಳೆತ್ತರ ಏನು ಮಹಾ. ನಮ್ಮನೇಲಿ ಛಾವಣಿಗೆ ತಾಗಿತ್ತು. ಹಿಟ್ಟಿನ ಮೂಟೆಗಳು ಛಾವಣಿಗೆ ಡಿಕ್ಕಿ ಹೊಡೀತಿದ್ವು.”

“ಹಿಟ್ಟಿನ ಮೂಟೆ ತೇಲುತ್ತೇನೋ ಮಾರಾಯ?”

“ನಿನ್ನ ಕಬ್ಬಿಣದ ಮಿಷನ್ ತೇಲಿತು ಅಂತ ಹೋದ ವರ್ಷ ಹೇಳಿದ್ದೆಯಲ್ಲ, ಅದು?”

ಸಾಹೇಬರು ನಗು ಕಚ್ಚಿ ಹಿಡಿದು, “ಒಂದೇ ಬೀದಿ, ಒಂದೇ ನೀರು. ಈ ಕಡೆ ಒಂದು ಎತ್ತರ, ಆ ಕಡೆ ಇನ್ನೊಂದು ಎತ್ತರ ನಿಲ್ಲುತ್ತೇನ್ರಪ್ಪ?” ಎಂದರು. ಯಾರ ಕಿವಿಗೂ ಬೀಳಲಿಲ್ಲ. ಬೀದಿಯ ತುದಿಗೆ ಬರುವಷ್ಟರಲ್ಲಿ ನೀರು ಬೆಟ್ಟ ಹತ್ತಿತ್ತು.

ವಾಪಸು ಬರುವಾಗ ಸಾಹೇಬರು ಮುಚ್ಚಿದ ಲಾಂಡ್ರಿಯ ಮುಂದೆ ನಿಂತರು. “ಇದು ನಿನ್ನ ಅಕ್ಕನ ಮನೆ ಅಲ್ವಾ? ನಿನಗೇನಾದ್ರೂ ಗೊತ್ತಾ?”

“ಕೇಳಿದ್ದು ಗೊತ್ತು ಸಾರ್, ಕಂಡದ್ದಲ್ಲ. ನಾನು ಆಗ ಬೇರೆ ಊರಲ್ಲಿದ್ದೆ. ಕಂಡವಳು ಅವಳು. ಅವಳ ಬಾಯಲ್ಲೇ ಕೇಳ್ಬೇಕು.”

ಅವರು ನನ್ನ ಮುಖ ನೋಡಿ, “ಇರಲಿ,” ಎಂದರು. ಅವತ್ತಿನ ‘ಇರಲಿ’ ಮೆತ್ತಗಿತ್ತು.

ವಾರ ಕಳೆಯುವುದರೊಳಗೆ ಸುದ್ದಿ ಹರಡಿತು. ನೀರು ಎತ್ತರ ಬಂದಿತ್ತೆಂದು ತೀರ್ಮಾನವಾದರೆ ಕೆಳಬೀದಿಯನ್ನು ತೆರವು ಮಾಡುತ್ತಾರೆ, ಎಲ್ಲರಿಗೂ ದಿಬ್ಬದ ಮೇಲಿನ ಹೊಸ ಸಾಲಿನಲ್ಲಿ ಮನೆ ಕೊಡುತ್ತಾರೆ. ಆ ಸಂಜೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮುಂದೆ ಟೀ ಲೋಟ ಕುಕ್ಕಿದಳು.

“ದಿಬ್ಬದ ಮೇಲೆ ಇಡೀ ಸಾಲಿಗೆ ಒಂದೇ ನಲ್ಲಿ ಅಂತೆ. ಬಟ್ಟೆ ಒಗೆಯೋಳಿಗೆ ಒಂದು ನಲ್ಲಿ ಕೊಟ್ರೆ ಮೀನಿಗೆ ಬಕೆಟ್ ಕೊಟ್ಟ ಹಾಗೆ. ಆಸ್ಪತ್ರೆ ಬಟ್ಟೆ ಕೈ ಬಿಡುತ್ತೆ, ಹೊಟ್ಟೆ ಬೆನ್ನಿಗೆ ಹತ್ತುತ್ತೆ. ಚುಕ್ಕಿ ಇಡೋಳು ನೀನೇ ಅಂತಲ್ಲ?”

“ಹೌದಕ್ಕ.”

“ಒಂಚೂರು ಕೆಳಗಿಟ್ರೆ ಪೆನ್ಸಿಲ್ ಮುರಿಯುತ್ತಾ?”

“ಪೆನ್ಸಿಲ್ ಮುರಿಯಲ್ಲ. ಹೊಳೆಗೂ ಅದು ಗೊತ್ತಾಗಲ್ಲ. ಬರೋ ದಿನ ಬರೋವಷ್ಟೇ ಬರುತ್ತೆ.”

“ಬುದ್ಧಿ ಹೇಳೋಕೆ ಬಂದ್ಲು, ದಶಾಂಶದ ರಾಣಿ!” ಅವಳು ಪಾತ್ರೆ ಉಜ್ಜುತ್ತ ನನಗೆ ಬೆನ್ನು ತಿರುಗಿಸಿದಳು. ಉಜ್ಜಿದ ಪಾತ್ರೆಯನ್ನು ಬೋರಲು ಹಾಕಿ ಕೇಳಿದಳು: “ನಮ್ಮತ್ತೆ ವಿಷಯ ನಿಮ್ಮ ಸಾಹೇಬ್ರಿಗೆ ಹೇಳಿಬಿಟ್ಟೆಯಾ?”

“ಇಲ್ಲ. ಕಂಡವಳು ನೀನು. ಹೇಳೋದಾದ್ರೆ ನೀನೇ ಹೇಳ್ಬೇಕು.”

“ಮಂಡಿವರೆಗೆ ಅಂತೀನಿ. ಬೀದಿಯವರೆಲ್ಲ ಹಾಗೇ ಮಾತಾಡ್ಕೊಂಡಿದ್ದಾರೆ. ಆಮೇಲೆ ನೀನು ಬಾಯಿ ಹಾಕ್ಬಾರ್ದು.”

“ನಿನ್ನ ಬಾಯಿ, ನಿನ್ನ ಮಾತು. ನಾನು ಅಡ್ಡ ಬರಲ್ಲ,” ಎಂದೆ. ಟೀ ಆರಿಹೋಗಿತ್ತು, ಆದರೂ ಕುಡಿದೆ.

ಅತ್ತೆಯ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ದೊಡ್ಡ ನೀರು ನುಗ್ಗಿದಾಗ ಅಕ್ಕ, ಭಾವ ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು. ಮನೆಯಲ್ಲಿ ಅಕ್ಕನ ಅತ್ತೆ ಮತ್ತು ಕೂಸು ಮಗಳು. ಆ ಅತ್ತೆಗೂ ಅಕ್ಕನಿಗೂ ಬೆಳಗಾದರೆ ಜಗಳ. ಸಾಬೂನು ಹೆಚ್ಚಾಯಿತು, ಗಂಜಿ ಕಡಿಮೆಯಾಯಿತು, ನಿನ್ನ ತವರಿನವರಿಗೆ ಇಸ್ತ್ರಿಯ ಗಂಧವೇ ಇಲ್ಲ, ಹೀಗೆ. ಆದರೆ ಆ ದಿನದ ಕಥೆಯನ್ನು ಹೇಳುವಾಗ ಅಕ್ಕನ ಧ್ವನಿಯೇ ಬೇರೆಯಾಗುತ್ತಿತ್ತು. ಆ ನೀರಿನಿಂದ ಕೂಸಿನೊಡನೆ ಬದುಕಿಬಂದ ಮುದುಕಿ ಆಮೇಲೆ ಸತ್ತು ಕೂಡ ಬಹಳ ವರ್ಷ ಕಳೆದಿತ್ತು.

ಸಾಹೇಬರು ಎರಡನೆಯ ಸಲ ಬಂದದ್ದು ಮಟ್ಟ ನೋಡುವ ದುರ್ಬೀನು, ಅಂಕಿ ಬರೆದ ಉದ್ದನೆಯ ಅಳತೆಕೋಲು ಎರಡನ್ನೂ ಹೊರಿಸಿಕೊಂಡು. ಕೋಲು ಹಿಡಿಯುವವಳು ನಾನು. ಟೈಲರ್ ಈ ಸಲ ಎದ್ದು ನಿಲ್ಲಲಿಲ್ಲ. “ಪಾದ ಒದ್ದೆಯಾಯ್ತು ಸಾರ್, ಅಷ್ಟೇ. ಚಪ್ಪಲಿ ಒಣಗಿಸೋಕೆ ಎರಡು ದಿನ ಹಿಡೀತು.” ಬ್ರೆಡ್ ಅಂಗಡಿಯವನು, “ಮಕ್ಕಳು ಕಾಗದದ ದೋಣಿ ಬಿಟ್ರು. ಚೆನ್ನಾಗಿತ್ತು,” ಎಂದ.

“ಛಾವಣಿಗೆ ಡಿಕ್ಕಿ ಹೊಡೆದ ಮೂಟೆ?”

“ಅದು ಬೇರೆ ವರ್ಷ ಇರ್ಬೇಕು ಸಾರ್. ಇಲ್ಲಾ ಬೇರೆ ಊರು.”

ನಾವು ಲಾಂಡ್ರಿಗೆ ಬಂದಾಗ ಬೀದಿಯೆಲ್ಲ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿತು. ಅಕ್ಕ ಹಾಸಿಗೆ ಬಟ್ಟೆಗೆ ಇಸ್ತ್ರಿ ಉಜ್ಜುತ್ತಿದ್ದಳು, ತಲೆ ಎತ್ತಲಿಲ್ಲ. ಭಾವ ಕೈ ಕಟ್ಟಿಕೊಂಡು ಮುಂದೆ ಬಂದರು. “ಮಂಡಿವರೆಗೆ ಸಾರ್. ಜಾಸ್ತಿ ಅಂದ್ರೆ ಮಂಡಿವರೆಗೆ.”

ಸಾಹೇಬರು ಅಕ್ಕನ ಕಡೆ ತಿರುಗಿದರು. “ನೀವೇನಮ್ಮ ಹೇಳ್ತೀರಿ?”

ಇಸ್ತ್ರಿಪೆಟ್ಟಿಗೆ ಒಂದು ಸಲ ಹೋಗಿ ಬಂತು. “ಅವರು ಹೇಳಿದ್ರಲ್ಲ,” ಎಂದಳು.

ಅಲ್ಲಿಗೆ ಮುಗಿಯುತ್ತಿತ್ತು. ಸಾಹೇಬರು ಪೆನ್ನು ತೆಗೆದಿದ್ದರು. ಅಷ್ಟರಲ್ಲಿ ಬ್ರೆಡ್ ಅಂಗಡಿಯವನಿಗೆ ಎಲ್ಲವನ್ನೂ ಇನ್ನಷ್ಟು ಗಟ್ಟಿ ಮಾಡೋಣವೆನಿಸಿತು. “ಇವರ ಅತ್ತೆ, ಪಾಪ, ಗಾಬರಿ ಹೆಂಗಸು ಸಾರ್. ಮಂಡಿ ನೀರಿಗೇ ಮಗೂನ ತಲೆ ಮೇಲೆ ಹೊತ್ಕೊಂಡು ಊರೆಲ್ಲ ಒಂದಾಗೋ ಹಾಗೆ ಕೂಗಿದ್ಲು. ದೊಡ್ಡ ನೀರು ಅಂತ ಹೆಸರು ಬಂದಿದ್ದೇ ಆ ಮುದುಕಿ ಬಾಯಿಂದ.”

ಬಾಗಿಲಲ್ಲಿದ್ದವರು ನಕ್ಕರು. ಭಾವನೂ, ನಗಬೇಕಾಗಿ ಬಂದವರಂತೆ, ನಕ್ಕರು.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಯಾರು ಗಾಬರಿ ಹೆಂಗಸು?”

“ಅಲ್ಲಕ್ಕ, ಸುಮ್ನೆ ಮಾತಿಗೆ...”

“ನೀನು ಆವತ್ತು ಎಲ್ಲಿದ್ದೆ? ಹೆಂಡ್ತೀನ ಕೆಳಗೆ ಬಿಟ್ಟು ಬ್ರೆಡ್ ಸುಡೋ ಗೂಡಿನ ಹೊಗೆಕೊಳವೆ ತಬ್ಕೊಂಡು ಕೂತಿರ್ಲಿಲ್ವಾ? ನಮ್ಮತ್ತೆ ಕೂಗಿದ್ರಂತೆ, ಕೂಗೋಕೆ ಬಾಯಿ ಅಗಲಿಸಿದ್ರೆ ನೀರೇ ನುಗ್ತಿತ್ತು!”

“ಲೇ, ಸುಮ್ನಿರೇ,” ಎಂದರು ಭಾವ ಮೆಲ್ಲಗೆ.

“ಸುಮ್ನೆ ಇದ್ದೆ, ನೀವು ನಗೋವರೆಗೂ. ಹೆತ್ತ ತಾಯಿ ಅವರು ನಿಮಗೆ.” ಅವಳು ಸಾಹೇಬರ ಮುಂದೆ ಬಂದು ನಿಂತಳು. “ಬರ್ಕೊಳ್ಳಿ ಸಾರ್. ದೋಣಿಯವನು ನನ್ನ ಕೂರಿಸ್ಕೊಂಡು ಈ ಬಾಗಿಲಿಗೆ ದೋಣಿ ತಂದ. ಅತ್ತೆ ಆ ಕಿಟಕಿ ಪಕ್ಕ ನಿಂತಿದ್ರು. ಒಂದು ಕೈಲಿ ಸರಳು, ಇನ್ನೊಂದು ಕೈ ತಲೆ ಮೇಲಿದ್ದ ಮಗು ಮೇಲೆ. ಹತ್ತಿ ನಿಲ್ಲೋಣ ಅಂದ್ರೆ ಇಸ್ತ್ರಿ ಮೇಜೇ ತೇಲಿ ಹೋಗಿತ್ತು. ಗದ್ದ ಮೇಲೆತ್ತಿ ನಿಂತಿದ್ರು. ಗದ್ದದ ಮಟ್ಟಕ್ಕೆ ನೀರು. ನನ್ನ ನೋಡಿ ಅವರು ಆಡಿದ್ದು ಒಂದೇ ಮಾತು, ‘ಎಷ್ಟು ಹೊತ್ತೇ ನಿಂದು’ ಅಂತ. ಅದನ್ನ ಮಂಡಿ ಅನ್ನಲಾ? ಮಂಡಿ ನೀರಲ್ಲಿ ಮಗು ಹೊತ್ತು ನಿಲ್ಲೋಕೆ ಅವರಿಗೆ ಹುಚ್ಚಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಲ್ಲಿದ್ದ ಎಲ್ಲರಿಗೂ ಅವತ್ತು ಒಡೆದದ್ದು ಏನೆಂದು ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು.

ಸಾಹೇಬರು ನಿಧಾನವಾಗಿ ಕೇಳಿದರು. “ನೆಲ ಆಮೇಲೆ ಎತ್ತರಿಸಿದ್ದೀರಾ?”

“ಇಲ್ಲ. ಅದೇ ಕಲ್ಲು.”

“ಅವರ ಎತ್ತರ ಎಷ್ಟಿತ್ತು?”

“ನನ್ನಷ್ಟೇ. ಅವರ ಉದ್ದದ ಅಂಗಿ ಅಂಚು ಮಡಿಸದೆ ನಾನು ಹಾಕ್ಕೋತಿದ್ದೆ. ಅದಕ್ಕೂ ಬೈತಿದ್ರು.”

ಹೇಳಿ, ಯಾರೂ ಹೇಳದೆಯೇ ಅವಳು ಕಿಟಕಿಯ ಪಕ್ಕಕ್ಕೆ ಹೋಗಿ ನಿಂತಳು. ಸರಳು ಹಿಡಿದಳು, ಗದ್ದ ಎತ್ತಿದಳು. ನಾನು ಅಳತೆಕೋಲನ್ನು ಅವಳ ಪಕ್ಕಕ್ಕೆ ಒಯ್ದು ನೆಲಕ್ಕೆ ಊರಿದೆ. ಅವಳ ಉಸಿರು ನನ್ನ ಕೈಗೆ ತಾಗುತ್ತಿತ್ತು. ಕೋಲು ನೆಟ್ಟಗಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಕ್ಕನೇ, “ಅಲ್ಲಾಡಿಸ್ಬೇಡ್ವೇ, ಸರಿಯಾಗಿ ಹಿಡಿ,” ಎಂದು ಗದರಿದಳು.

ಸಾಹೇಬರು ಬೀದಿಯಲ್ಲಿ ನಿಲ್ಲಿಸಿದ್ದ ದುರ್ಬೀನಿಗೆ ಕಣ್ಣು ಹಚ್ಚಿ ಓದಿಕೊಂಡರು. ಆಮೇಲೆ ಕೇಳಿದರು. “ಅವರು ಹಿಮ್ಮಡಿ ಎತ್ತಿ ನಿಂತಿದ್ರಾ, ಪೂರ್ತಿ ಊರಿ ನಿಂತಿದ್ರಾ?”

ಅಕ್ಕ ಯೋಚಿಸಿದಳು. “ನೀರೊಳಗೆ ಕಾಣ್ಲಿಲ್ಲ ಸಾರ್. ಸುಳ್ಳು ಹೇಳಲ್ಲ.”

“ಇರಲಿ. ಎರಡನ್ನೂ ಬರ್ಕೋತೀನಿ.”

ಕಚೇರಿಗೆ ಬಂದ ಮೇಲೆ ಅವರು ಪೆನ್ಸಿಲನ್ನು ನನ್ನ ಕೈಗೆ ಕೊಡದೆ, “ಇದನ್ನ ನಾನೇ ಇಡ್ಲಾ?” ಎಂದರು. ನಾನು, “ಬೇಡ ಸಾರ್,” ಎಂದೆ. ಗದ್ದದ ಮಟ್ಟದಿಂದ ನೀರಿನ ಎತ್ತರ, ಎತ್ತರದಿಂದ ಹರಿವು, ಹರಿವಿನಿಂದ ಚುಕ್ಕಿ. ಹಳೆಯ ಮೂರರ ಸಾಲಿನಲ್ಲಿ ಎರಡನ್ನು ಅಜ್ಜ ತೋರಿಸಿದ ಗೇಣಿನಷ್ಟೇ ಏರಿಸಿ, ದೊಡ್ಡ ನೀರಿನದನ್ನು ಅಳಿಸಿ ಬಹಳ ಮೇಲೆ ಇಟ್ಟೆ. ಹಿಮ್ಮಡಿ ಎತ್ತಿದ್ದರೆ ಇಲ್ಲಿ, ಊರಿದ್ದರೆ ಅಲ್ಲಿ ಎಂದು ಚುಕ್ಕಿಗೆ ಮೇಲೂ ಕೆಳಗೂ ಸಣ್ಣ ಬಾಲ ಎಳೆದೆವು. ಆ ಬಾಲದ ಯಾವ ತುದಿಯನ್ನು ಹಿಡಿದರೂ ಗೆರೆ ಎದ್ದು ನಿಂತಿತು. ನೂರು ವರ್ಷದ ನೆರೆ ಕೆಳಬೀದಿಯ ಪ್ರತಿಯೊಂದು ಹೊಸ್ತಿಲನ್ನೂ ದಾಟಿ, ಕಿಟಕಿಗಳನ್ನೂ ದಾಟಿ ಹೋಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಬೀದಿ ಖಾಲಿಯಾಯಿತು. ಗಾಡಿಗೆ ಸಾಮಾನು ಹೇರುವಾಗ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಮೇಜಿನ ಕಾಲು ತಗುಲಿದಾಗ ಮಾತ್ರ, “ನೋಡ್ಕೊಂಡು ಹಿಡಿ, ನಿನ್ನ ಚುಕ್ಕಿ ಅಲ್ಲ ಅದು,” ಎಂದಳು. ಆಸ್ಪತ್ರೆಯ ಬಟ್ಟೆ ಕೈಬಿಟ್ಟಿತು, ಅವಳು ಹೇಳಿದಂತೆಯೇ. ಅಕ್ಕಪಕ್ಕದವರ ಅಂಗಿಗಳಿಗೆ ಇಸ್ತ್ರಿ ಮಾಡಿ ಸಂಸಾರ ತೂಗಿಸಿದರು. ಕಿಟಕಿಯಲ್ಲಿ ನಿಂತರೆ ದಂಡೆ ಬೋಳಾಗಿ ಕಾಣುತ್ತಿತ್ತು. ಆ ಬಿಳಿ ಸಾಲುಗಳನ್ನು ನೆನೆದು ನಾನು ಎಷ್ಟೋ ಸಲ ಪೆನ್ಸಿಲನ್ನು ಬೇಕಾದ್ದಕ್ಕಿಂತ ಹೆಚ್ಚು ಚೂಪು ಮಾಡಿದ್ದುಂಟು.

ಹೊಳೆ ಬರಲಿಲ್ಲ. ಮಳೆಗಾಲದ ಹಿಂದೆ ಮಳೆಗಾಲ ಕಳೆದು ಕೆಳಬೀದಿಯ ಕಲ್ಲುಗಳ ನಡುವೆ ಹುಲ್ಲು ಬೆಳೆಯಿತು, ಆಮೇಲೆ ಮರಗಳೇ ಬೆಳೆದವು. ಕಪ್ಪು ಗೋಲಿಯ ಮಾತನ್ನು ಯಾರಿಗೆಂದು ಬಿಡಿಸಿ ಹೇಳುವುದು? ಅಕ್ಕನ ಸಿಟ್ಟು ಯಾವಾಗ ಇಳಿಯಿತೋ ನೆನಪಿಲ್ಲ. ರಜೆಯ ದಿನ ನಾನು ಅವಳಿಗೆ ನೀರು ಹೊರಲು ಹೋಗುತ್ತಿದ್ದೆ. ಅದಕ್ಕೆ ಅವಳೂ ಏನೂ ಅನ್ನುತ್ತಿರಲಿಲ್ಲ.

ಅವಳು ಈಗಿಲ್ಲ. ಅವಳನ್ನು ನೆನೆದಾಗಲೆಲ್ಲ ನನಗೆ ಕಾಣುವುದು ದಿಬ್ಬದ ಮೇಲಿನ ಆ ನಲ್ಲಿಯ ಸಾಲು. ನಾನು ಎರಡನೆಯ ಬಿಂದಿಗೆ ಹಿಡಿದು ಅವಳ ಹಿಂದೆ ನಿಂತಿದ್ದೇನೆ. ಮುಂದೆ ಟೈಲರನ ಹೆಂಡತಿ. ಬಿಸಿಲು ನೆತ್ತಿ ಸುಡುತ್ತಿದೆ, ನೀರು ನೂಲಿನಂತೆ ಬರುತ್ತಿದೆ.

“ಎಲ್ಲಿ ಹೋಯ್ತಮ್ಮ ನಿಮ್ಮತ್ತೆ ನೀರು?” ಎಂದು ಟೈಲರನ ಹೆಂಡತಿ ತಿರುಗಿ ಅಕ್ಕನನ್ನು ಕೇಳಿದಳು, ಸಾಲಿಗೆಲ್ಲ ಕೇಳುವಂತೆ. “ನಿಮ್ಮ ಒಂದು ಬಾಯಿಂದ ಇಡೀ ಬೀದಿ ಬೆಟ್ಟ ಹತ್ತಿತು. ಇಷ್ಟು ವರ್ಷ ಆಯ್ತು, ನೀರು ಇನ್ನೂ ದಾರೀಲೇ ಇದೆಯಾ?”

“ದಾರೀಲೇ ಇದೆ,” ಎಂದಳು ಅಕ್ಕ. “ನಿಮ್ಮತ್ತೆ ಹಾಗೆ ನಿಂತಿದ್ರೆ ನೀನೂ ಹೇಳ್ತಿದ್ದೆ. ಬಕೆಟ್ ತುಂಬಿದೆ ನೋಡು, ಮುಂದಕ್ಕೆ ತಳ್ಳು.”